ಆಯಿ ಎಳೆಯುತ್ತಿದ್ದ ಮೂರು ದಮ್ಮು

ನನಗಿರುವುದು ಒಂದೇ ವಿದ್ಯೆ, ಕಂಡವರ ಅಣಕು ಮಾಡುವುದು. ಸಿಂಧನೂರಿನ ಕಾಲೇಜಿನಲ್ಲಿ ಕೆಮ್ಮಿಯೇ ಪಾಠ ಶುರು ಮಾಡುತ್ತಿದ್ದ ಮೇಷ್ಟ್ರು, ಮುದಗಲ್ ಬಸ್ಸಿನ ಮೂಗುದನಿಯ ಕಂಡಕ್ಟರ್, ಕೆಲಸದ ಸಂದರ್ಶನದಲ್ಲಿ ಬೆವರೊರೆಸುತ್ತ 'ಎಸ್ ಸರ್' ಎಂದ ನಾನು, ಎಲ್ಲರನ್ನೂ ಮಾಡಿ ತೋರಿಸುತ್ತೇನೆ. ಹೆಚ್ಚು ನಗು ಬೀಳುವುದು ಕೊನೆಯವನಿಗೆ.

ಇದನ್ನು ಕೇಳಿಯೇ ಮಸ್ಕಿಯ ನಮ್ಮ ಓಣಿಗೆ ಬರುವ, ಆರೋಗ್ಯ ಕೇಂದ್ರದ ಸಿಸ್ಟರ್ ನನ್ನನ್ನು ಹಿಡಿದರು. ಮಹಿಳಾ ಸಂಘದ ಸಭೆಯಲ್ಲಿ ಬೀಡಿ ಮತ್ತು ಕ್ಯಾನ್ಸರ್ ಬಗ್ಗೆ ಅವರು ಮಾತಾಡಬೇಕಿತ್ತು.

"ಬರೇ ನಾ ಮಾತಾಡಿದ್ರ ಎಲ್ಲಾರೂ ಆಕಳಸ್ತಾರ. ಮೊದಲ ನೀ ಒಂದೀಟು ನಗಸಪಾ."

ನಗಿಸಿದೆ. ಕಾಲುವೆ ದಂಡೆಯ ಮೇಲೆ ಕೂತು ಒಂದು ಬೀಡಿಯ ತುದಿಯಿಂದ ಇನ್ನೊಂದನ್ನು ಹಚ್ಚುವ ದಢೇಸುಗೂರಿನ ರೈತ, ಗಿರಾಕಿಗೆ ತಾಗದಂತೆ ಹೊಗೆಯನ್ನು ಹೆಂಡತಿಯ ಮುಖಕ್ಕೆ ಬಿಡುವ ಅಂಗಡಿಯವ. ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು.

ಸಿಸ್ಟರ್ ಕೇಳಿದರು, "ಬೀಡಿ ಸೇದಿದ್ರ ಕ್ಯಾನ್ಸರ್ ಬರ್ತೈತಿ ಅಂತ ಗೊತ್ತೈತೇನ್ರೀ?"

"ಗೊತ್ತೈತ್ರೀ. ಕಟ್ಟಿನ ಮ್ಯಾಲ ಫೋಟೋ ಇರ್ತೈತಲ್ಲ."

"ಇಲ್ಲಿ ಸೇದೋರು ಯಾರದೀರಿ?"

ನನ್ನ ಯಾವ ಅಣಕಿಗೂ ಬೀಳದಷ್ಟು ನಗು ಆ ಪ್ರಶ್ನೆಗೆ ಬಿತ್ತು. ಮುಂದಿನ ಸಾಲಿನಲ್ಲಿ ಕೂತಿದ್ದ ನಮ್ಮ ಅಜ್ಜಿ, ಆಯಿಯ ದನಿಯೇ ಎಲ್ಲರಿಗಿಂತ ಜೋರು. "ಗಂಡಸ್ರಿಗೆ ಹೇಳ್ರಿ ಸಿಸ್ಟರ್. ನಾವ್ಯಾಕ ಸೇದೋಣು?"

ಅಷ್ಟು ಸಾಕಾಯಿತು ನನಗೆ. ಆಯಿಯನ್ನೇ ಮಾಡಿ ತೋರಿಸಿದೆ. ನಮ್ಮ ಅಜ್ಜ, ಮುತ್ಯಾನ ಕೈ ನಡುಗುತ್ತದೆ, ಕಡ್ಡಿ ಗೀರಲು ಆಗುವುದಿಲ್ಲ. ಅದಕ್ಕೇ ಎಷ್ಟೋ ವರ್ಷಗಳಿಂದ ಆಯಿಯೇ ಬೀಡಿಯನ್ನು ಒಲೆಯ ಕೆಂಡಕ್ಕೆ ಹಿಡಿದು, ತುಟಿಗಿಟ್ಟು, ಒಂದು ಕಣ್ಣು ಮುಚ್ಚಿ, ಕೆನ್ನೆ ಒಳಗೆಳೆದು ಮೂರು ದಮ್ಮು ಎಳೆಯುತ್ತಾಳೆ. ತುದಿ ಕೆಂಪಾದ ಮೇಲೆ ಅವನ ಕೈಗೆ. ಬೀಡಿ ಆರಿದರೆ ಮತ್ತೆ ಒಲೆ, ಮತ್ತೆ ಮೂರು ದಮ್ಮು. ಕಣ್ಣು ಮುಚ್ಚಿದ್ದು, ಕೆನ್ನೆ ಎಳೆದದ್ದು ಎಲ್ಲವನ್ನೂ ಮಾಡಿ "ತಗೋರಿ, ನಿಮ್ಮ ಹೊಗಿಗೆ ಬೆಂಕಿ ಹಚ್ಚ" ಎಂದು ಆಯಿಯ ದನಿಯಲ್ಲೇ ಬೈದೆ.

"ಏ ಭಾಡ್ಯಾ, ನಾ ಎಲ್ಲಿ ಸೇದ್ತೀನಿ? ಹಚ್ಚಿ ಕೊಡ್ತೀನಿ ಅಷ್ಟ."

ಸಿಸ್ಟರ್ ಮಾತ್ರ ನಗಲಿಲ್ಲ. "ಆಯಿ, ದಿನಕ್ಕ ಎಷ್ಟು ಹಚ್ಚಿ ಕೊಡ್ತೀರಿ?"

"ಒಂದು ಕಟ್ಟು."

"ಒಂದೊಂದಕ್ಕ ಮೂರು ದಮ್ಮು. ಆ ಹೊಗಿ ಯಾರ ಎದೀಗೆ ಹೋತು?"

ಆಯಿ ನನ್ನ ಕಡೆ ನೋಡಿದಳು, ಅದನ್ನೆಲ್ಲ ನಾನೇ ನುಂಗಿದವನಂತೆ. ಹಿಂದಿನಿಂದ ಒಂದು ಕೈ ಮೆಲ್ಲಗೆ ಎದ್ದಿತು. "ನಾನೂ ನಮ್ಮ ಮಾವಗ ಹಚ್ಚಿ ಕೊಡ್ತೀನ್ರೀ, ಅಡಗಿ ಮಾಡ್ಕೋತ." ಅವಳ ಪಕ್ಕದವಳೂ ಕೈ ಎತ್ತಿದಳು. ಕಿಟಕಿಯ ಹತ್ತಿರ ಇನ್ನಿಬ್ಬರು. ನೋಡನೋಡುತ್ತ ಅರ್ಧ ಸಭೆಯ ಕೈ ಮೇಲಿತ್ತು. ಇಷ್ಟು ಹೊತ್ತು ಇವರಲ್ಲಿ ಯಾರೂ ಬೀಡಿ ಸೇದುವವರಾಗಿರಲಿಲ್ಲ.

ನನ್ನ ಅಣಕು ಕೆಲಸಕ್ಕೆ ಬಂದ ಹುರುಪಿನಲ್ಲೇ ಬಾಯಿಬಿಟ್ಟೆ: "ಸಿಸ್ಟರ್, ನಮ್ಮ ಆಯಿಗೆ ಎರಡು ತಿಂಗಳಾತು, ಖಾರ ತಿನ್ನಾಕ ಆಗವಲ್ದು. ಎಡಗಡೆ ಅಗಿಯಂಗಿಲ್ಲ."

"ಹಲ್ಲು ಜುಮ್ಮ ಅಂತಾವ," ಎಂದು ಆಯಿ ತುಟಿ ಬಿಗಿದಳು. "ಮಂದಿ ಮುಂದ ಬಾಯಿ ತೆರೀಲಿಕ್ಕೆ ನಾ ಏನು ಸಂತ್ಯಾಗಿನ ಎಮ್ಮೀನ?"

ಸಿಸ್ಟರ್ ಅವಳನ್ನು ಒಳಕೋಣೆಗೆ ಕರೆದೊಯ್ದು ಮೊಬೈಲ್ ಬೆಳಕಿನಲ್ಲಿ ನೋಡಿದರು. ಕೆನ್ನೆಯ ಒಳಗೆ ಬಿಳಿ ಮಚ್ಚೆ. "ಇದು ಕ್ಯಾನ್ಸರ್ ಅಂತ ನಾ ಹೇಳಾಕತ್ತಿಲ್ಲ. ಅಲ್ಲ ಅಂತಾನೂ ಹೇಳಾಕ ಬರಂಗಿಲ್ಲ. ನಾಳೆ ಲಿಂಗಸುಗೂರಿಗೆ ಹೋಗಿ ಡಾಕ್ಟರಿಗೆ ತೋರಸ್ರಿ."

ಮರುದಿನ ಲಿಂಗಸುಗೂರಿನ ಬಸ್ಸಿನಲ್ಲಿ ನಾನು ಯಾರ ಅಣಕನ್ನೂ ಮಾಡಲಿಲ್ಲ. ಆಯಿಯೇ ತಿವಿದಳು, "ಯಾಕಲೇ, ನನ್ನ ಬಾಯಿ ಕೆಟ್ಟರ ನಿನ್ನ ಬಾಯಿಗೆ ಬೀಗ ಬಿತ್ತೇನು?"

ಡಾಕ್ಟರು ಮಚ್ಚೆಯ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬರುವವರೆಗೆ ಆಯಿ ಒಲೆಯ ಮುಂದೆ ಕೂತರೂ ಬೀಡಿ ಮುಟ್ಟುತ್ತಿರಲಿಲ್ಲ. ಮುತ್ಯಾ ಬೀಡಿ ಚಾಚಿದರೆ ನಾನೇ ಹೊರಗೆ ಕರೆದೊಯ್ದು ಕಡ್ಡಿ ಗೀರುತ್ತಿದ್ದೆ.

ವರದಿಯ ದಿನ ಡಾಕ್ಟರು ಕಾಗದ ಓದಿ ತಲೆ ಎತ್ತಿದರು. "ಸದ್ಯ ಕ್ಯಾನ್ಸರ್ ಇಲ್ಲಮ್ಮ. ಹೊಗೆ ಮುಂದುವರಿದರೆ ಇದೇ ಕ್ಯಾನ್ಸರ್ ಆಗಬಹುದು. ಮೂರು ತಿಂಗಳಿಗೊಮ್ಮೆ ತೋರಿಸಬೇಕು." ನಾನು ಅವರ ಟೇಬಲ್ಲಿಗೇ ಕೈಮುಗಿದುಬಿಟ್ಟೆ. ಆಯಿ ಮಾತ್ರ, "ಇನ್ನೊಮ್ಮೆ ಹೇಳ್ರಿ ಸಾಹೇಬ್ರ," ಎಂದು ಅದನ್ನೇ ಎರಡು ಸಲ ಹೇಳಿಸಿದಳು.

ಮನೆಯಲ್ಲಿ ಮುತ್ಯಾ ಎಲ್ಲವನ್ನೂ ಕೇಳಿಕೊಂಡ. "ಅಂದ್ರ ನನ್ನ ಬೀಡಿ ನಿನ್ನ ಬಾಯಿ ಸುಡಾಕತ್ತಿತ್ತೇನು?" ಎಂದ. ಅವನು ನಡುಗುವ ಕೈಯಿಂದ ಜೇಬಿನೊಳಗಿನ ಕಟ್ಟು ತೆಗೆದು ಅವಳ ಮಡಿಲಲ್ಲಿಟ್ಟ. ಅವಳು ಹಿಂದೆಮುಂದೆ ನೋಡದೆ ಅದನ್ನು ಹಾಗೇ ಒಲೆಗೆ ತುರುಕಿದಳು. ಮರುಕ್ಷಣ ಮನೆ ತುಂಬ ಬೀಡಿ ಹೊಗೆ. ಮೂವರೂ ಕೆಮ್ಮುತ್ತ ಅಂಗಳಕ್ಕೆ ಓಡಿದೆವು, ಎಲ್ಲರಿಗಿಂತ ಮುಂದೆ ಆಯಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು.