ಸಡಿಲವಾದ ಮಾಸ್ಕ್

ಕೋವಿಡ್ ಗಲಾಟೆ ಮುಗಿದು ಆಸ್ಪತ್ರೆಗಳು ಒಂದು ಹದಕ್ಕೆ ಬಂದಿದ್ದ ವರ್ಷ. ನಾನು ಚಾಮರಾಜಪೇಟೆಯ ಒಂದು ಕ್ಯಾನ್ಸರ್ ಆಸ್ಪತ್ರೆಯಲ್ಲಿ ಹಿರಿಯ ಮೆಡಿಕಲ್ ಫಿಸಿಸಿಸ್ಟ್ ಆಗಿದ್ದೆ; ವಿಕಿರಣ ಯಂತ್ರ, ಅದರ ಅಳತೆಗಳ ಹೊಣೆ ನನ್ನದು. ವಿಶ್ವವಿದ್ಯಾಲಯದಿಂದ ತರಬೇತಿಗೆ ಬರುತ್ತಿದ್ದ ಮೆಡಿಕಲ್ ಡೋಸಿಮೆಟ್ರಿ ವಿದ್ಯಾರ್ಥಿಗಳಿಗೆ ಪಾಠ ಹೇಳುವುದೂ ನನ್ನ ಪಾಲಿಗಿತ್ತು. ಡೋಸಿಮೆಟ್ರಿ ಎಂದರೆ ಇವತ್ತಿಗೂ ಜನ ಹುಬ್ಬೇರಿಸುತ್ತಾರೆ. ಗೆಡ್ಡೆಗೆ ಎಷ್ಟು ವಿಕಿರಣ ಬೇಕೆಂದು ಡಾಕ್ಟರು ಬರೆಯುತ್ತಾರೆ. ಅದು ಯಾವ ಕೋನಗಳಿಂದ ಹೋದರೆ ಗೆಡ್ಡೆಗೆ ಸರಿಯಾಗಿ ತಲುಪಿ, ಪಕ್ಕದ ಅಂಗಗಳು ಉಳಿಯುತ್ತವೆ ಎಂದು ಲೆಕ್ಕ ಹಾಕಿ ಪ್ಲಾನ್ ತಯಾರಿಸುವವರು ಡೋಸಿಮೆಟ್ರಿಸ್ಟ್.

ಆ ವರ್ಷದ ತಂಡದಲ್ಲಿ ತಾಂಜಾನಿಯಾದ ನೀಮಾ ಇದ್ದಳು. ವಿಶ್ವೇಶ್ವರಪುರಂನಲ್ಲಿ ಬಾಡಿಗೆ ಕೋಣೆ ಮಾಡಿಕೊಂಡಿದ್ದವಳು ಅಲ್ಲಿನ ತಿಂಡಿ ಬೀದಿಯಲ್ಲೇ ಕನ್ನಡ ಕಲಿತಿದ್ದಳು. ಪಾಠದಲ್ಲಿ ಚುರುಕು, ಆದರೆ ನಾಲ್ಕು ಜನರೆದುರು ಬಾಯಿ ಬಿಡುತ್ತಿರಲಿಲ್ಲ. ಅವಳ ಅಕ್ಕ ಕ್ಯಾನ್ಸರ್ ಬಂದು, ವಿಕಿರಣ ಚಿಕಿತ್ಸೆಯ ಸರದಿ ಬರುವ ಮುಂಚೆಯೇ ತೀರಿಕೊಂಡಿದ್ದಳು. ನೀಮಾ ಈ ಓದಿಗೆ ಬಂದದ್ದು ಅದಕ್ಕೇ. ಏನಾದರೂ ಎಡವಟ್ಟಾದರೆ ಕೋರ್ಸಿನಿಂದ ತೆಗೆದು ಊರಿಗೆ ಕಳಿಸಿಬಿಡುತ್ತಾರೆ ಎಂಬ ಹೆದರಿಕೆ ಅವಳಿಗೆ ಸದಾ ಇತ್ತು.

ಓಕಳಿಪುರಂನಲ್ಲಿ ತರಕಾರಿ ಅಂಗಡಿ ಇಟ್ಟಿದ್ದ ರತ್ನಮ್ಮ ಎಂಬುವವರು ಆಗ ನಮ್ಮಲ್ಲಿ ಗಂಟಲಿನ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿದ್ದರು. ದಿನಕ್ಕೊಂದರಂತೆ ಒಟ್ಟು ಮೂವತ್ತೈದು ಸಿಟ್ಟಿಂಗ್, ಗೆಡ್ಡೆಗೆ ಎಪ್ಪತ್ತು ಗ್ರೇ. ಗ್ರೇ ಎಂದರೆ ವಿಕಿರಣದ ಅಳತೆ. ಅಲ್ಲೇ ಹಿಂದೆ ಇರುವ ಬೆನ್ನುಹುರಿಗೆ ಮಾತ್ರ ನಲವತ್ತೈದು ದಾಟಬಾರದು. ತೀರಾ ಹೆಚ್ಚಾದರೆ ಕೈಕಾಲಿನ ಶಕ್ತಿಯೇ ಹೋಗಬಹುದು. ಹಾಗಾಗಿ ರೋಗಿ ಅಲುಗಾಡದಂತೆ ಮುಖ, ಕುತ್ತಿಗೆ, ಭುಜಕ್ಕೆ ಮೊದಲೇ ಅವರ ಅಳತೆಗೆ ಮಾಡಿಟ್ಟ ಪ್ಲಾಸ್ಟಿಕ್ ಮಾಸ್ಕ್ ಬಿಗಿದು ಮಲಗಿಸುತ್ತೇವೆ.

ಚಿಕಿತ್ಸೆ ಅರ್ಧ ದಾಟಿದ್ದಾಗ, ಒಂದು ಶುಕ್ರವಾರ ಬೆಳಿಗ್ಗೆ, ಕಾಯುವ ಕೊಠಡಿಯಲ್ಲಿ ನೀಮಾ ರತ್ನಮ್ಮನವರನ್ನು ಮಾತಾಡಿಸಿದಳು. “ಅಮ್ಮ, ತಿಂಡಿ ಆಯ್ತಾ?”

“ಏನ್ ತಿಂಡಿ ಮಗ, ಗಂಜಿನೂ ಇಳೀತಿಲ್ಲ. ಬಳೆ ನೋಡು, ತಾನಾಗೇ ಜಾರ್ತದೆ” ಎಂದರು ರತ್ನಮ್ಮ.

ಒಳಗೆ ಮಲಗಿಸಿ ಮಾಸ್ಕ್ ಹಾಕಿ, ಯಂತ್ರದಲ್ಲೇ ಸಿ.ಟಿ. ಚಿತ್ರ ತೆಗೆದರು. ಅದನ್ನು ಮೊದಲ ದಿನದ ಚಿತ್ರದ ಮೇಲೆ ಕೂರಿಸಿ ಕಂಪ್ಯೂಟರ್ ವ್ಯತ್ಯಾಸ ತೋರಿಸುತ್ತದೆ. ಎಲ್ಲ ಅಂಕಿಗಳೂ ಹಸಿರು, ಅಂದರೆ ಮಿತಿಯೊಳಗೆ. ಯಂತ್ರ ನಡೆಸುವ ಟೆಕ್ನಾಲಜಿಸ್ಟ್ ವಿಕಿರಣದ ಬೀಮ್ ಆನ್ ಮಾಡಲು ಬೆರಳು ಚಾಚಿದ್ದ.

“ಬೇಡ, ಬೇಡ... ಸ್ವಲ್ಪ ನಿಲ್ಸಿ” ಎಂದಳು ನೀಮಾ. ಪಕ್ಕದಲ್ಲಿದ್ದವನಿಗಷ್ಟೇ ಕೇಳುವಷ್ಟು ಮೆಲ್ಲಗೆ.

ನನ್ನನ್ನು ಕರೆದರು. ನೀಮಾ ಪರದೆಯ ಕೆಳತುದಿ ತೋರಿಸಿದಳು. ಕತ್ತಿನ ಮೇಲ್ಭಾಗದ ಮೂಳೆಗಳು ಎರಡೂ ಚಿತ್ರಗಳಲ್ಲಿ ಒಂದರ ಮೇಲೊಂದು ಸರಿಯಾಗಿ ಕೂತಿದ್ದವು. ಕತ್ತಿನ ಬುಡದ ಮೂಳೆಗಳು ಮಾತ್ರ ಹೊಸ ಚಿತ್ರದಲ್ಲಿ ಸ್ವಲ್ಪ ಮುಂದೆ, ವಿಕಿರಣ ಹೆಚ್ಚು ಬೀಳುವ ಕಡೆಗೆ, ಸರಿದಂತಿದ್ದವು. ಕಂಪ್ಯೂಟರ್ ಹೇಳಿದ್ದು ಒಟ್ಟಾರೆ ಲೆಕ್ಕ. ಒಂದು ತುದಿಯ ಬಾಗು ಅದರಲ್ಲಿ ಮುಚ್ಚಿಹೋಗಬಹುದಿತ್ತು. ಅಥವಾ ಚಿತ್ರವೇ ಮಸುಕಾಗಿತ್ತೋ ಏನೋ. ನನಗೂ ಖಚಿತವಾಗಲಿಲ್ಲ. ಒಳಗೆ ಹೋಗಿ ಮಾಸ್ಕಿನಡಿ ಬೆರಳು ತೂರಿಸಿದೆ. ಸಲೀಸಾಗಿ ಹೋಯಿತು; ರತ್ನಮ್ಮ ಸೊರಗಿದ್ದರಿಂದ ಮಾಸ್ಕ್ ಸಡಿಲವಾಗಿತ್ತು. ಅವತ್ತಿನ ಸಿಟ್ಟಿಂಗ್ ನಿಲ್ಲಿಸಿದೆ.

ರತ್ನಮ್ಮನವರ ಚಿಕಿತ್ಸೆ ನೋಡುತ್ತಿದ್ದ ಡಾ. ಶ್ರೀಧರ್ ಧಾವಿಸಿ ಬಂದರು. “ಒಬ್ಬ ಸ್ಟೂಡೆಂಟ್ ಡೌಟ್‌ಗೆ ಟ್ರೀಟ್‌ಮೆಂಟ್ ನಿಲ್ಸಿದ್ರಾ ಮೇಡಂ? ಗ್ಯಾಪ್ ಆದ್ರೆ ಗೆಡ್ಡೆ ಮತ್ತೆ ಚಿಗುರತ್ತೆ, ನಿಮಗೆ ನಾನು ಹೇಳ್ಬೇಕಾ?”

ಅವರು ಹೇಳಿದ್ದು ನಿಜವೇ. “ಡೌಟ್ ನನ್ನದೂ ಹೌದು. ಸೋಮವಾರಕ್ಕೆ ಹೊಸ ಪ್ಲಾನ್ ಕೊಡ್ತೀನಿ” ಎಂದುಬಿಟ್ಟೆ. ಕೊಡಲಾಗುತ್ತದೋ ಇಲ್ಲವೋ ಗೊತ್ತಿರಲಿಲ್ಲ.

ಅವತ್ತೇ ಹೊಸ ಮಾಸ್ಕ್, ಹೊಸ ಸ್ಕ್ಯಾನ್ ಆಯಿತು. ಗೊಣಗುತ್ತಲೇ ಡಾಕ್ಟರು ಗೆಡ್ಡೆಯ ಗಡಿಯನ್ನು ಮತ್ತೆ ಗುರುತಿಸಿಕೊಟ್ಟರು. ಶನಿವಾರ ನಾನೂ ನೀಮಾಳೂ ಲೆಕ್ಕಕ್ಕೆ ಕೂತೆವು. ಬೆನ್ನುಹುರಿ ಉಳಿಸಹೊರಟರೆ ಗೆಡ್ಡೆಯ ಒಂದು ಅಂಚಿಗೆ ಕಡಿಮೆ ಬೀಳುತ್ತಿತ್ತು. ಅಂಚು ಸರಿಮಾಡಿದರೆ ಬೆನ್ನುಹುರಿಯ ಅಂಕಿ ಏರುತ್ತಿತ್ತು. ತರಿಸಿಟ್ಟ ಇಡ್ಲಿಯನ್ನು ಅವಳು ಮುಟ್ಟಲೇ ಇಲ್ಲ.

“ಮೇಡಂ, ನಂದು ತಪ್ಪಾಗಿದ್ರೆ? ಆ ಅಮ್ಮಂಗೆ ಒಂದು ದಿನ ಹೋಯ್ತಲ್ಲ. ನಮ್ಮಕ್ಕಂಗೂ ದಿನಾನೇ ಸಿಗ್ಲಿಲ್ಲ.”

“ಮೊದ್ಲು ಪ್ಲಾನ್ ಮುಗ್ಸೋಣ” ಎಂದೆ.

ಕೋನಗಳನ್ನು ಬದಲಿಸಿ ಬದಲಿಸಿ, ಸಂಜೆಯ ಹೊತ್ತಿಗೆ ಎರಡೂ ಹಿಡಿತಕ್ಕೆ ಬಂದವು. ಆಮೇಲೆ ಹಳೆಯ ಪ್ಲಾನನ್ನೇ ಹೊಸ ಸ್ಕ್ಯಾನಿನ ಮೇಲೆ ಹಾಕಿ ನೋಡಿದೆವು. ಹಾಗೆಯೇ ಕೊನೆಯವರೆಗೆ ಮುಂದುವರಿದಿದ್ದರೆ ಬೆನ್ನುಹುರಿಗೆ ನಲವತ್ತೊಂಬತ್ತು ಗ್ರೇ ಮುಟ್ಟುತ್ತಿತ್ತು. ನೀಮಾ ಆ ಅಂಕಿಯನ್ನೇ ನೋಡುತ್ತಾ ಕೂತಳು. ಆಮೇಲೆ ಎದ್ದು ಹೋಗಿ ಕಾರಿಡಾರಿನಲ್ಲಿ ಅತ್ತಳು.

ಭಾನುವಾರ ಯಂತ್ರದ ಮೇಲೆ ಪ್ಲಾನನ್ನು ಪರೀಕ್ಷಿಸಿದೆ. ಸೋಮವಾರ ರತ್ನಮ್ಮ ಹೊಸ ಮಾಸ್ಕಿನಲ್ಲಿ ಮಲಗಿದರು. “ಇದು ಬಿಗಿ ಜಾಸ್ತಿ ಕಣಮ್ಮ” ಎಂದು ಬೈದರು. ಆ ಬೈಗುಳ ಕೇಳಿ ನನಗೆ ಉಸಿರು ಬಂತು. ಡಾ. ಶ್ರೀಧರ್ ಹೊಸ ಪ್ಲಾನಿಗೆ ಸಹಿ ಹಾಕಿ, ನೀಮಾಳ ಕಡೆ ತಿರುಗಿ, “ಇನ್ಮೇಲೆ ಇಷ್ಟು ಮೆತ್ತಗೆ ಹೇಳ್ಬೇಡಮ್ಮ, ಜೋರಾಗಿ ಹೇಳು” ಎಂದರು. ರತ್ನಮ್ಮನವರ ಚಿಕಿತ್ಸೆ ಪೂರ್ತಿಯಾಯಿತು. ವರ್ಷದ ಮೇಲೂ ತಪಾಸಣೆಗೆ ನಡೆದುಕೊಂಡೇ ಬರುತ್ತಿದ್ದರು. ನೀಮಾ ಓದು ಮುಗಿಸಿ, ಈಗ ತನ್ನ ದೇಶದ ಆಸ್ಪತ್ರೆಯೊಂದರಲ್ಲಿ ಇದೇ ಕೆಲಸದಲ್ಲಿದ್ದಾಳೆ.

ಅದಾದ ಮೇಲೆ ನಮ್ಮ ವಿಭಾಗದಲ್ಲಿ ಒಂದು ನಿಯಮ ಮಾಡಿದೆವು: ಕೊಠಡಿಯಲ್ಲಿರುವ ಯಾರಿಗೇ ಅನುಮಾನ ಬರಲಿ, ವಿದ್ಯಾರ್ಥಿಯಾದರೂ ಸರಿ, ನಿಲ್ಲಿಸಿ ಎನ್ನಬಹುದು. ಮರುವರ್ಷ ಇನ್ನೊಬ್ಬ ವಿದ್ಯಾರ್ಥಿ ಹಾಗೆ ನಿಲ್ಲಿಸಿದ. ಪರೀಕ್ಷಿಸಿದರೆ ಏನೂ ತಪ್ಪಿರಲಿಲ್ಲ. ಹೊರಗೆ ಕಾದಿದ್ದವರು ಗೊಣಗಿದರು, ಹುಡುಗ ನಾಚಿ ತಲೆ ತಗ್ಗಿಸಿದ. ಎಲ್ಲರೆದುರೇ ಅವನಿಗೆ ಥ್ಯಾಂಕ್ಸ್ ಹೇಳಿದೆ. ಸುಳ್ಳಾದ ಅನುಮಾನಕ್ಕೆ ಮರ್ಯಾದೆ ಸಿಗದ ಕಡೆ, ನಿಜವಾದ ಅನುಮಾನವೂ ಬಾಯಿಗೆ ಬರುವುದಿಲ್ಲ. ನನ್ನ ಕೆಲಸ ನನಗೆ ಕಲಿಸಿದ್ದು ಇದನ್ನು.