ಮನೆಯವರ ಗಾಡಿ

ನನ್ನ ಭಾವನನ್ನು ಊರಿನ ಡ್ರೈವರುಗಳೆಲ್ಲ ಡಾಕ್ಟ್ರು ಅಂತಲೇ ಕರೆಯುತ್ತಿದ್ದರು. ಅಕ್ಕನ ಗಂಡ ಅಂತ ಹೊಗಳುತ್ತಿಲ್ಲ. ಹೊಗಳುವ ಜಾಯಮಾನ ನನ್ನದಲ್ಲ, ಸಿಟ್ಟು ಮೂಗಿನ ತುದಿಯಲ್ಲೇ ಇರುವ ಮನುಷ್ಯ ನಾನು. ಆದರೆ ಬ್ರೇಕಿನ ಕೆಲಸದಲ್ಲಿ ಅವರನ್ನು ಮೀರಿಸುವವರನ್ನು ನಾನು ಕಂಡಿಲ್ಲ. ಚಪ್ಪಲಿ ಕಳಚಿಟ್ಟು, ಬರಿಗಾಲಲ್ಲಿ ಪೆಡಲ್ ಒತ್ತಿ ನೋಡಿದರೆ ಸಾಕು, ಪೈಪಿನಲ್ಲಿ ಗಾಳಿ ಸೇರಿದೆಯೋ ಎಣ್ಣೆ ಸೋರುತ್ತಿದೆಯೋ ಅಂತ ಕೂತಲ್ಲೇ ಹೇಳಿಬಿಡುತ್ತಿದ್ದರು. ಇಪ್ಪತ್ತೆರಡು ವರ್ಷ ಅವರ ಪಕ್ಕದಲ್ಲೇ ದುಡಿದು ನಾನು ಇಂಜಿನ್ ಕೆಲಸ ಕಲಿತೆ, ಆ ಕಾಲಿನ ವಿದ್ಯೆ ಮಾತ್ರ ನನಗೆ ಹತ್ತಲಿಲ್ಲ.

ಬ್ರೇಕಿನ ಕೆಂಪು ದೀಪ ಬಂತು ಅಂತ ಗಿರಾಕಿಗಳು ಫೋನ್ ಮಾಡಿದರೆ ಭಾವ ಮೂರೇ ಪ್ರಶ್ನೆ ಕೇಳುತ್ತಿದ್ದರು. ಹ್ಯಾಂಡ್ ಬ್ರೇಕ್ ಪೂರ್ತಿ ಇಳಿಸಿದ್ದೀರಾ? ಬಾನೆಟ್ ಎತ್ತಿ ನೋಡಿ, ಡಬ್ಬಿಯಲ್ಲಿ ಎಣ್ಣೆ ಗೆರೆಗಿಂತ ಕೆಳಗಿದೆಯಾ? ಈಗ ಪೆಡಲ್ ಒತ್ತಿ, ಕಾಲು ಎಷ್ಟು ಒಳಗೆ ಹೋಗುತ್ತೆ? ಮೂರನೆಯದಕ್ಕೆ ಬಂದ ಉತ್ತರದ ಮೇಲೆ ಎಲ್ಲ ನಿಂತಿತ್ತು. ಕಾಲು ಆಳಕ್ಕೆ ಇಳಿಯುತ್ತೆ ಅಂದರೆ, "ಕೀ ತೆಗೆದು ಜೇಬಿಗೆ ಹಾಕ್ಕೊಳ್ಳಿ, ನಾವೇ ಬರ್ತೀವಿ" ಅನ್ನುತ್ತಿದ್ದರು. ಎಣ್ಣೆ ಹಾಕಿದ್ರೆ ದೀಪ ಆರುತ್ತಲ್ಲ ಅಂತ ಯಾರಾದರೂ ವಾದಕ್ಕೆ ಬಿದ್ದರೆ, "ದೀಪ ಆರುತ್ತೆ ಸ್ವಾಮಿ, ತೂತು ಮುಚ್ಚುತ್ತಾ?" ಅಂತ ಬಾಯಿ ಮುಚ್ಚಿಸುತ್ತಿದ್ದರು. ಒಬ್ಬ ಕಂಟ್ರಾಕ್ಟರ್ ಎಷ್ಟು ಹೇಳಿದರೂ ಕೇಳದೆ ಹೊರಟಾಗ, ಭಾವ ಸೈಕಲ್ ತುಳಿದು ಹೋಗಿ ಅವನ ಕೈಯಿಂದ ಕೀ ಕಿತ್ತುಕೊಂಡು ಬಂದಿದ್ದರು.

ಇಂಥ ನಮ್ಮ ರಿಪೇರಿ ಶೆಡ್ಡಿನಲ್ಲಿ ಒಂದು ಕೆಟ್ಟ ಪದ್ಧತಿಯೂ ಇತ್ತು. ಮನೆಯವರ ಗಾಡಿ ಯಾವತ್ತೂ ಸಾಲಿನ ಕೊನೆಗೆ. ಗಿರಾಕಿ ಕಾಯಬಾರದು, ಮನೆಯವರು ಎಲ್ಲಿಗೆ ಹೋಗುತ್ತಾರೆ ಅನ್ನುವ ಧೈರ್ಯ. ನನ್ನ ಸ್ಕೂಟರಿಗೆ ಒಂದು ವರ್ಷ ಕನ್ನಡಿಯೇ ಇರಲಿಲ್ಲ.

ಭಾವನಿಗೆ ಒಬ್ಬಳೇ ಮಗಳು. ನರ್ಸು. ಗುಡ್ಡದ ಮೇಲಿನ ಬಡಾವಣೆಯಲ್ಲಿ ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಗಾಯ ತೊಳೆದು ಪಟ್ಟಿ ಕಟ್ಟಿ, ಇಂಜೆಕ್ಷನ್ ಕೊಟ್ಟು ಬರುವುದು ಅವಳ ಕೆಲಸ. ಅದಕ್ಕಾಗಿ ಭಾವನೇ ನೋಡಿ ಆರಿಸಿ ಒಂದು ಹಳೇ ಕಾರು ಕೊಡಿಸಿದ್ದರು. ಹುಡುಗಿಗೆ ನನ್ನನ್ನು ಕಂಡರೆ ಸದಾ ತಮಾಷೆ. "ಮಾವಾ, ನಿಮ್ಮ ಮುಖ ನೋಡಿದ್ರೆ ಕೆಟ್ಟು ನಿಂತ ಗಾಡಿಯೂ ಹೆದರಿ ಸ್ಟಾರ್ಟ್ ಆಗುತ್ತೆ" ಅನ್ನುತ್ತಿದ್ದಳು. ಬೇರೆ ಯಾರಾದರೂ ಅಂದಿದ್ದರೆ ಕಪಾಳಕ್ಕೆ ಬಾರಿಸುತ್ತಿದ್ದೆ. ಅವಳೆಂದರೆ ನನಗೆ ಜೀವ.

ಬ್ರೇಕ್ ಒತ್ತಿದರೆ ಕಿರ್ ಅನ್ನುತ್ತೆ ಅಂತ ಅವಳು ಹೇಳಿ ಮೂರು ವಾರವಾಗಿತ್ತು. "ಮುಂದಿನ ಪ್ಯಾಡ್ ಸವೆದಿರುತ್ತೆ, ಈ ವಾರ ಹಾಕೋಣ" ಅಂದಿದ್ದರು ಭಾವ. ಆ ವಾರ ಬರಲೇ ಇಲ್ಲ.

ಗುರುವಾರ ಬೆಳಿಗ್ಗೆ ಹತ್ತೂವರೆ. ಭಾವ ಒಂದು ಮಿನಿ ಲಾರಿಯ ಅಡಿಯಲ್ಲಿ ಅಂಗಾತ ಮಲಗಿದ್ದರು, ಎರಡೂ ಕೈ ಗ್ರೀಸು. ಫೋನ್ ಬಡಿದುಕೊಂಡಿತು. ನಾನು ಮಂಡಿಯೂರಿ, ಲಾರಿಯಡಿ ತೋಳು ಚಾಚಿ ಅವರ ಕಿವಿಗೆ ಹಿಡಿದೆ. ಮಗಳ ದನಿ ನನಗೂ ಸ್ಪಷ್ಟವಾಗಿ ಕೇಳುತ್ತಿತ್ತು.

"ಅಪ್ಪಾ, ಕೆಂಪು ದೀಪ ಬಂದಿದೆ. ಬ್ರೇಕ್ ಎಣ್ಣೆ ಕಡಿಮೆ, ಗಾಡಿ ನಿಲ್ಲಿಸಿ ಅಂತ ತೋರಿಸ್ತಿದೆ."

"ಹ್ಯಾಂಡ್ ಬ್ರೇಕ್ ಇಳಿಸಿದ್ದೀಯಾ?"

"ಇಳಿಸಿದ್ದೀನಿ. ಡಬ್ಬಿಯಲ್ಲಿ ಎಣ್ಣೆ ತಳ ಕಂಡಿದೆ."

"ಪ್ಯಾಡ್ ಸವೆದ್ರೆ ಎಣ್ಣೆ ಇಳಿಯುತ್ತೆ ಮಗಾ, ಹೆದರಬೇಡ. ಡಿಕ್ಕಿಯಲ್ಲಿ ಬಾಟಲಿ ಇಟ್ಟಿದ್ದೀನಲ್ಲ, ಗೆರೆ ತನಕ ಸುರಿ."

ಸ್ವಲ್ಪ ಹೊತ್ತು ಏನೇನೋ ಸದ್ದು. ಆಮೇಲೆ, "ಹಾಕಿದೆ. ದೀಪ ಆರಿತಪ್ಪಾ. ಹಾಗಾದ್ರೆ ಹೊರಡಲಾ? ಕೆಳಗಿನ ಬೀದಿಯ ಅಜ್ಜಿ ಕಾಯ್ತಿದ್ದಾರೆ."

"ಹೊರಡು. ಸಂಜೆ ಗಾಡಿ ತಂದುಬಿಡು, ಇವತ್ತು ಪ್ಯಾಡ್ ಹಾಕಿಯೇ ಬಿಡ್ತೀನಿ."

ಮೂರನೇ ಪ್ರಶ್ನೆಯನ್ನು ಭಾವ ಕೇಳಲಿಲ್ಲ. ಸವೆದ ಪ್ಯಾಡ್ ತಲೆಯಲ್ಲಿ ಕೂತಿತ್ತು, ಕಾರಣ ಸಿಕ್ಕಿಬಿಟ್ಟಿತ್ತು, ಸಾಲದ್ದಕ್ಕೆ ಫೋನ್ ಮಾಡಿದವಳು ಮಗಳು. ಕೇಳಲಿಲ್ಲ ಅನ್ನುವುದು ನನ್ನ ಗಮನಕ್ಕೆ ಬಂತು. ಪೆಡಲ್ ಒತ್ತಿ ನೋಡು ಅನ್ನುವ ಮಾತು ನನ್ನ ನಾಲಿಗೆ ತುದಿಗೂ ಬಂತು. ತೋಳು ಜೋಮು ಹಿಡಿದಿತ್ತು, ಮಂಡಿ ನೋಯುತ್ತಿತ್ತು. ಡಾಕ್ಟ್ರಿಗೇ ಪಾಠ ಹೇಳಲು ನಾನ್ಯಾವ ದೊಡ್ಡ ಮನುಷ್ಯ ಅನ್ನಿಸಿತು. ಫೋನ್ ಇಟ್ಟುಬಿಟ್ಟೆ. ಥೂ, ನನ್ನ ಜನ್ಮಕ್ಕಿಷ್ಟು.

ಹಿಂದಿನ ಚಕ್ರದ ಪೈಪು ಬಿರುಕು ಬಿಟ್ಟಿತ್ತು. ಸುರಿದ ಎಣ್ಣೆಯೆಲ್ಲ ನಾಲ್ಕು ಸಲ ಬ್ರೇಕ್ ಒತ್ತುವಷ್ಟರಲ್ಲಿ ರಸ್ತೆ ಪಾಲಾಯಿತು. ಉಳಿದದ್ದು ಮುಂದಿನ ಬ್ರೇಕು, ಅದರ ಪ್ಯಾಡು ಕಬ್ಬಿಣದವರೆಗೆ ಸವೆದಿತ್ತು. ಆ ಇಳಿಜಾರಿಗೆ ಅದು ಯಾವ ಮೂಲೆಗೆ? ಕೆಳಗಿನ ತಿರುವಿನಲ್ಲಿ ಬಸ್ಸಿಗೆ ಕಾಯುತ್ತಿದ್ದವರು ಆಮೇಲೆ ಹೇಳಿದರು, ಹುಡುಗಿ ಒಂದೇ ಸಮನೆ ಹಾರ್ನ್ ಒತ್ತಿಕೊಂಡು ಬಂದಳು, ನಮ್ಮನ್ನು ಕಂಡು ತಾನೇ ಸ್ಟೇರಿಂಗ್ ತಿರುಗಿಸಿ ಗೋಡೆಗೆ ಹೊಡೆದಳು ಅಂತ. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಳು. ಹನ್ನೊಂದು ಗಂಟೆಗೆ ಆ ಸುದ್ದಿ ಹೇಳಲು ಬಂದ ಫೋನನ್ನೂ ನಾನೇ ಎತ್ತಿದೆ.

ಮೂರನೇ ದಿನ ಭಾವ ಪೊಲೀಸರ ಅನುಮತಿ ಕೇಳಿ ಠಾಣೆಯ ಹಿಂದೆ ಬಿದ್ದಿದ್ದ ಕಾರಿನ ಚಕ್ರ ಬಿಚ್ಚಿದರು. ಒಡೆದ ಪೈಪನ್ನು ಹೆಬ್ಬೆರಳಿನಿಂದ ಒರೆಸಿ ಇನ್ಸ್‌ಪೆಕ್ಟರಿಗೆ ತೋರಿಸಿದರು. "ಇದು ಸಾರ್. ಪೆಡಲ್ ಒಂದು ಸಲ ಒತ್ತಿಸಿದ್ರೆ ಗೊತ್ತಾಗ್ತಿತ್ತು."

"ಹೊರಡು ಅಂತ ಯಾರಾದ್ರೂ ಹೇಳಿದ್ರಾ?"

"ನಾನೇ ಹೇಳಿದ್ದು. ಶೆಡ್ಡಲ್ಲಿ ಬೇರೆ ಯಾರೂ ಇರಲಿಲ್ಲ."

ನಾನು ಅಲ್ಲೇ ಎರಡು ಮಾರು ದೂರದಲ್ಲಿ ನಿಂತಿದ್ದೆ. ಇನ್ಸ್‌ಪೆಕ್ಟರ್ ಬರೆದುಕೊಂಡರು.

ಆಮೇಲೆ ಭಾವ ಬ್ರೇಕ್ ಕೆಲಸ ಮುಟ್ಟಲಿಲ್ಲ. ಟೈರು ಬಿಚ್ಚುತ್ತಾರೆ, ಕ್ಲಚ್ ನೋಡುತ್ತಾರೆ. ಬ್ರೇಕ್ ಅಂದವರನ್ನು ಪಕ್ಕದ ಬೀದಿಗೆ ಕಳಿಸುತ್ತಾರೆ. ಡಾಕ್ಟ್ರು ಅನ್ನುವುದನ್ನು ಡ್ರೈವರುಗಳೇ ಬಿಟ್ಟರು. ಅಕ್ಕ ಗಂಡನ ಜೊತೆ ಮಾತು ಬಿಟ್ಟಳು. ತಟ್ಟೆ ಇಡುತ್ತಾಳೆ, ಅನ್ನ ಬಡಿಸುತ್ತಾಳೆ, ಮುಖ ನೋಡುವುದಿಲ್ಲ. ಮನೆಯೊಳಗೆ ಅವರ ದನಿ ಕೇಳಿ ಎರಡು ವರ್ಷವಾಗುತ್ತಾ ಬಂದಿತ್ತು.

ಮೊನ್ನೆ ಭಾನುವಾರ ಮಧ್ಯಾಹ್ನ ಮೂವರೂ ಊಟಕ್ಕೆ ಕೂತಿದ್ದೆವು. ಅಕ್ಕ ನನಗೆ ಇನ್ನೊಂದು ಸೌಟು ಸಾರು ಬಡಿಸುತ್ತಾ, ಗಂಡನಿಗೆ ಕೇಳಲಿ ಅಂತಲೇ ಅಂದಳು, "ಅವತ್ತು ನೀನಾದ್ರೂ ಪಕ್ಕದಲ್ಲಿ ಇರಬೇಕಿತ್ತು ಕಣೋ. ನಿನ್ನ ಬಾಯಿ ಸುಮ್ಮನಿರೋದಲ್ಲ. ಒಂದು ಮಾತು ಅಂದಿರ್ತಿದ್ದೆ, ನನ್ನ ಮಗಳು ಉಳೀತಿದ್ಲು."

ಭಾವ ತಟ್ಟೆಯಿಂದ ತಲೆ ಎತ್ತಲಿಲ್ಲ. ಅನ್ನ ಕಲಸುತ್ತಲೇ, "ಅವನು ಅವತ್ತು ಸಾಮಾನು ತರೋಕೆ ಪೇಟೆಗೆ ಹೋಗಿದ್ದ" ಅಂದರು.

ಅಕ್ಕ ನನ್ನ ಮುಖ ನೋಡಿದಳು.

"ಹೌದಕ್ಕಾ, ಪೇಟೆಗೆ ಹೋಗಿದ್ದೆ" ಅಂದೆ.