ಎಡಬಿಡಂಗಿಗಳ ಕಚ್ಚಾ ಹೊಲಿಗೆ

ಎಡಚಕ್ಕನನ್ನು ನಾನು ಮೊದಲು ನೋಡಿದ್ದು ಒಂದು ಪ್ಯಾಂಟಿನ ದೆಸೆಯಿಂದ. ಮೊದಲ ಕೆಲಸದ ಸಂದರ್ಶನಕ್ಕೆಂದು ಕೊಂಡ ಆ ಪ್ಯಾಂಟು ಹಿಮ್ಮಡಿ ದಾಟಿ ನೆಲ ಗುಡಿಸುತ್ತಿತ್ತು. ನಾನು ಬಾಡಿಗೆಗಿದ್ದ ಕೋಣೆಯ ಕೆಳಗೇ ದರ್ಜಿ ಅಂಗಡಿ. ಬಾಗಿಲ ಬಳಿ ಬಟ್ಟೆ ಕತ್ತರಿಸುವ ದೊಡ್ಡ ಮೇಜು, ಅದರ ಹಿಂದೆ ಸಾಲಾಗಿ ಯಂತ್ರಗಳು, ತೀರಾ ಕೊನೆಯಲ್ಲಿ ಕಿಟಕಿಗೆ ಆತುಕೊಂಡು ಒಂದು ಸ್ಟೂಲು. ಗೋಡೆಗೆ ನೇತುಹಾಕಿದ್ದ ಸಮವಸ್ತ್ರಗಳ ತೋಳುಗಳು ಫ್ಯಾನಿನ ಗಾಳಿಗೆ ಅಲ್ಲಾಡುತ್ತಿದ್ದವು. ಸ್ಟೂಲಿನ ಮೇಲೆ ಕೂತಿದ್ದ ಹೆಂಗಸು ತುಟಿಯ ನಡುವೆ ಗುಂಡುಸೂಜಿ ಕಚ್ಚಿಕೊಂಡು, ಮಡಿಲಲ್ಲಿದ್ದ ಫೋನನ್ನು ಗದರುತ್ತಿದ್ದಳು.

"ಅಯ್ಯೋ ಮಹಾರಾಯ, ಮೂರು ಮೂಲೆ ಸುತ್ತಿ ಬಂದ್ಯಲ್ಲೋ! ಮನೆ ಕಣ್ಣೆದುರಿಗೇ ಇದೆ. ಒಳಗೆ ಬರೋಕೆ ಏನು ದಾಡಿ ನಿನಗೆ?"

ಗಂಡ ಹೆಂಡಿರ ಜಗಳವಿರಬೇಕೆಂದು ನಾನು ಹೊಸ್ತಿಲಲ್ಲೇ ನಿಂತೆ. ಅವಳು ತಲೆಯೆತ್ತಿ ಸೂಜಿ ತೆಗೆದು, "ಅವನಂತೂ ಮನೆ ಸೇರಲಿಲ್ಲ, ನೀವಾದ್ರೂ ಒಳಗೆ ಬನ್ನಿ," ಎಂದಳು. ಪ್ಯಾಂಟನ್ನು ತಿರುಗಿಸಿ, ಎಡಗೈಯಲ್ಲಿ ಚಾಕ್ ಹಿಡಿದು ಒಂದೇ ಗೆರೆ ಎಳೆದಳು. ಎಡಚಕ್ಕ ಎಂಬ ಹೆಸರು ಬಂದದ್ದೇ ಆ ಕೈಯಿಂದ. ಅಳತೆ ಪಟ್ಟಿಯನ್ನು ಮುಟ್ಟಲೇ ಇಲ್ಲ.

ಮನೆ ಸೇರದವನು ಗಂಡನಲ್ಲ, ಆನ್‌ಲೈನ್ ಬೇಸ್‌ಬಾಲ್ ಆಟದ ಆಟಗಾರ ಎಂದು ತಿಳಿದದ್ದು ಪ್ಯಾಂಟು ವಾಪಸು ತರಲು ಹೋದಾಗ. ಆ ಆಟದಲ್ಲಿ ನಾವು ಆಡುವುದಿಲ್ಲ, ಆಡಿಸುತ್ತೇವೆ. ಯಾರು ಚೆಂಡು ಎಸೆಯಬೇಕು, ಯಾರು ಹೊಡೆಯಬೇಕು, ಯಾವಾಗ ಯಾರನ್ನು ಬದಲಿಸಬೇಕು ಎಂದು ಮೊದಲೇ ಹೇಳಿಟ್ಟರೆ ಕಂಪ್ಯೂಟರು ಪಂದ್ಯ ನಡೆಸಿ ಸಾಲು ಸಾಲಾಗಿ ವರದಿ ಕೊಡುತ್ತದೆ. ಹೊಡೆದವನು ಮೂರು ಮೂಲೆ ಮುಟ್ಟಿ ಹೊರಟ ಜಾಗಕ್ಕೇ ಮರಳಿದರೆ ಒಂದು ಓಟ. ಹೊರಟ ಜಾಗಕ್ಕೆ ಅಲ್ಲಿ ಮನೆ ಎಂದೇ ಹೆಸರು. ಪಂದ್ಯ ಶುರುವಾದ ಮೇಲೆ ಯಾರ ಮಾತೂ ನಡೆಯುವುದಿಲ್ಲ. ಬೈಗುಳವೇನಿದ್ದರೂ ನಮ್ಮ ಸಮಾಧಾನಕ್ಕೆ.

ಅವಳನ್ನು ಈ ಆಟಕ್ಕೆ ಎಳೆದವನು ಅವಳ ಅಣ್ಣ, ಅಂಗಡಿಯ ಕಟಿಂಗ್ ಮಾಸ್ಟರ್. ಕಾಲು ಮುರಿದು ತಂಗಿ ಮಲಗಿದ್ದಾಗ, ಇವಳ ಬಾಯಿ ಸುಮ್ಮನಿರಲಿ ಎಂದು ಯಾರಿಗೂ ಬೇಡವಾದ ಆಟಗಾರರ ಒಂದು ತಂಡ ಕಟ್ಟಿಕೊಟ್ಟಿದ್ದ. ಹೆಸರನ್ನೂ ಅವನೇ ಇಟ್ಟ: ಎಡಬಿಡಂಗಿಗಳು. ಅವನ ತಂಡ 'ಸಿಡಿಲು' ಪಟ್ಟಿಯ ತುದಿ ಬಿಟ್ಟು ಇಳಿದದ್ದೇ ಇಲ್ಲ.

ಎಡಚಕ್ಕನಿಗೆ ಬೇಕಾಗಿದ್ದದ್ದು ಪಟ್ಟಿಯ ತುದಿಯಲ್ಲ, ಬಾಗಿಲ ಬಳಿಯ ಮೇಜು. ಅಂಗಡಿ ಕಟ್ಟಿದ ಅಪ್ಪ, ಎಡಗೈ ಕತ್ತರಿಸಿದ ಬಟ್ಟೆ ಮೈಗೆ ಕೂರುವುದಿಲ್ಲ ಎಂದು ಹೇಳಿಹೋಗಿದ್ದರು. ಅಣ್ಣ ಆ ಮಾತಿಗೇ ಜೋತುಬಿದ್ದಿದ್ದ. ಹೀಗಾಗಿ ಅವಳ ಪಾಲಿಗೆ ಗುಂಡಿ, ಅಂಚು ಮತ್ತು ಕಿಟಕಿಯ ಸ್ಟೂಲು. ಪಕ್ಕದಲ್ಲಿ ಕಾಜಾ ಅತ್ತೆ. ಗುಂಡಿಯ ತೂತುಗಳಿಗೆ ಅಂಚು ಕಟ್ಟುವುದೇ ಆಕೆಯ ಕೆಲಸವಾದ್ದರಿಂದ ಆ ಹೆಸರು. ಸೂಜಿಗಿಂತ ಚುರುಕು ನಾಲಿಗೆ.

ಒಂದು ಮಧ್ಯಾಹ್ನ ಚಹಾದ ಹೊತ್ತಿಗೆ ಎಡಚಕ್ಕ ಮತ್ತೆ ಕತ್ತರಿಯ ಮಾತೆತ್ತಿದಳು. ಮಾಸ್ಟರ್ ನಕ್ಕ. "ಇನ್ನೇನು ಶುರುವಾಗೋ ಸೀಸನ್ ಕೊನೇಲಿ ನನ್ನ ತಂಡಕ್ಕೂ ನಿನ್ನ ತಂಡಕ್ಕೂ ಮೂರು ಪಂದ್ಯ ಇದೆಯಲ್ಲ, ಅದರಲ್ಲಿ ಎರಡು ಗೆಲ್ಲು. ಮೇಜಿನ ಅರ್ಧ ನಿನ್ನದು. ಸೋತರೆ ಇನ್ನು ಜನ್ಮದಲ್ಲಿ ಕತ್ತರಿ ಸುದ್ದಿ ಎತ್ತಬಾರದು."

"ನಾಲ್ಕು ಜನರ ಎದುರಿಗೆ ಹೇಳ್ತಿದ್ದೀಯಾ ಅಣ್ಣ."

"ನಾಲ್ಕು ಜನ ಯಾಕೆ, ಮೈಕ್ ಹಿಡಿದು ಹೇಳ್ತೀನಿ."

ಅಷ್ಟರಲ್ಲಿ ನನಗೆ ಕೆಲಸ ಸಿಕ್ಕಿತ್ತು, ಬೆಳಗಿನ ಪಾಳಿ. ಮಧ್ಯಾಹ್ನ ಬಂದು ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಕೂತು ಅವಳು ತಂಡ ಕಟ್ಟುವುದನ್ನು ನೋಡುತ್ತಿದ್ದೆ. ಗುಂಡಿ ಹಾಕುತ್ತಲೇ ಪಾಠ ಹೇಳುತ್ತಿದ್ದಳು.

"ದೊಡ್ಡ ತಂಡವನ್ನ ವರ್ಷವಿಡೀ ಸೋಲಿಸೋಕೆ ನಮ್ಮಪ್ಪನಾಣೆ ಆಗಲ್ಲ. ಮೂರರಲ್ಲಿ ಎರಡು ಸಲ ಸೋಲಿಸಬಹುದು. ಎಲ್ಲರ ಅಳತೆಗೂ ಒಂದೇ ಅಂಗಿ ಹೊಲಿಯೋಕೆ ಹೋದ್ರೆ ಯಾರಿಗೂ ಕೂರಲ್ಲ. ನಾನು ನಮ್ಮಣ್ಣನ ಅಳತೆಗೆ ಮಾತ್ರ ಹೊಲೀತಿದ್ದೀನಿ."

ಅಣ್ಣನ ಅಳತೆ ಏನೆಂದು ಕೇಳಿದೆ. ಅವಳು ಸಿಡಿಲಿನ ಆಟಗಾರರನ್ನು ತೋರಿಸಿದಳು. ಯಾವ ತಂಡದಲ್ಲೂ ಎಸೆಯುವವರಲ್ಲಿ ಬಹುಪಾಲು ಬಲಗೈಯವರು. ಅವರನ್ನು ಎಡಗೈ ಹೊಡೆತಗಾರರು ಚೆನ್ನಾಗಿ ಬಡಿಯುತ್ತಾರೆ ಎಂದು ಮಾಸ್ಟರ್ ಒಳ್ಳೊಳ್ಳೆಯ ಎಡಗೈಯವರನ್ನೇ ಆರಿಸಿ ತಂದಿದ್ದ. ಅವನ ಬಲವೆಲ್ಲ ಅವರೇ.

"ನೋಡಿದ್ಯಾ? ಅಂಗಡೀಲಿ ಎಡಗೈ ಅಪಶಕುನ, ತಂಡದಲ್ಲಿ ಎಡಗೈ ಕುಲದೇವರು!"

ಕಾಜಾ ಅತ್ತೆ ನಕ್ಕ ನಗೆಗೆ ದಾರ ಸೂಜಿಯಿಂದ ಜಾರಿತು.

ಆದರೆ ಎಡಗೈಯವನಿಗೆ ಎಡಗೈಯವನೇ ಚೆಂಡು ಎಸೆದರೆ ಅದು ಬೆನ್ನ ಹಿಂದಿನಿಂದ ಬಂದಂತೆ ಬರುತ್ತದೆ, ಕಣ್ಣಿಗೆ ಸಿಗುವುದಿಲ್ಲ. ಎಡಚಕ್ಕ ಹುಡುಕಿ ಹುಡುಕಿ ಎಡಗೈ ಎಸೆತಗಾರರನ್ನು ಸೇರಿಸಿಕೊಂಡಳು. ಬಲಗೈ ಹೊಡೆತಗಾರರ ಎದುರು ಅವರು ನೀರಲ್ಲಿ ನೆನೆದ ಪಟಾಕಿ. ಅದಕ್ಕೇ ಯಾರೂ ಅವರನ್ನು ಮೂಸಿ ನೋಡಿರಲಿಲ್ಲ. ಇನ್ನೊಂದು ಕೆಲಸವನ್ನು ಅವಳು ಸೀಸನ್ ಶುರುವಾಗುವ ಮೊದಲೇ ಮಾಡಿದ್ದಳು. ಹೊಡೆದ ಚೆಂಡು ಮೈದಾನದ ಗೋಡೆ ದಾಟಿದರೆ ಹೊಡೆದವನೂ ಮೂಲೆಗಳಲ್ಲಿ ಕಾದವರೂ ಎಲ್ಲ ಮನೆ ಸೇರಿದಂತೆ. ತಂಡದ ಯಜಮಾನರು ತಮ್ಮ ಮೈದಾನದ ಆ ಗೋಡೆಯನ್ನು ಸೀಸನ್ನಿಗೆ ಒಮ್ಮೆ ಸರಿಸಬಹುದು. ಎಡಗೈಯವರು ಎತ್ತಿ ಹೊಡೆದ ಚೆಂಡು ಹೆಚ್ಚಾಗಿ ಬಲಮಗ್ಗುಲಿಗೆ ಹಾರುತ್ತದೆ. ಇವಳು ಬಲಗಡೆಯ ಗೋಡೆಯನ್ನು ಎಷ್ಟು ದೂರ ಹೋಗುತ್ತದೋ ಅಷ್ಟೂ ತಳ್ಳಿಬಿಟ್ಟಳು. ತನ್ನವರಿಗೆ ಗೋಡೆ ದಾಟಿಸುವ ಶಕ್ತಿ ಹೇಗೂ ಇಲ್ಲ, ಓಡುವ ಕಾಲು ಮಾತ್ರ ಇದೆ. ಗೋಡೆ ಎಲ್ಲಿದ್ದರೂ ಅವರಿಗೆ ನಷ್ಟವಿಲ್ಲ.

ಮೂರು ಪಂದ್ಯಗಳ ಹಿಂದಿನ ವಾರ ಎಡಬಿಡಂಗಿಗಳು ಸೋತದ್ದೇ ಸೋತದ್ದು. ಮಾಸ್ಟರ್ ಪ್ರತಿ ಸೋಲಿಗೂ ಕತ್ತರಿಯನ್ನು ಕಟಕಟ ಆಡಿಸುತ್ತಿದ್ದ. ನನಗೆ ತಡೆಯಲಾಗಲಿಲ್ಲ.

"ಅಕ್ಕ, ನಿಮ್ಮ ಎಡಗೈಯವರು ಎಲ್ಲಿ? ಯಾರ್ಯಾರನ್ನೋ ಆಡಿಸ್ತಿದ್ದೀರಲ್ಲ?"

"ಮದುವೆ ಸೀರೆ ಉಟ್ಕೊಂಡು ಯಾರಾದ್ರೂ ಪಾತ್ರೆ ತೊಳೀತಾರಾ? ಅವರ ಕೈ ದಣೀಬಾರದು. ಇವತ್ತು ಸೋತರೆ ಸೋಲಲಿ."

ಮೊದಲ ಪಂದ್ಯ ನಮ್ಮ ಮೈದಾನದಲ್ಲಿ. ಸಿಡಿಲಿನ ಹೊಡೆತಗಾರರು ಒಬ್ಬರ ಹಿಂದೊಬ್ಬರು ಗಾಳಿಗೆ ಬೀಸಿ ವಾಪಸಾದರು. ಎಡಬಿಡಂಗಿಗಳು ಗೆದ್ದರು! ನಾನು ಕಟ್ಟೆಯಿಂದ ಹಾರಿದೆ. ಯಂತ್ರಗಳೆಲ್ಲ ನಿಂತುಹೋದವು. ಮಾಸ್ಟರ್ ಮಾತ್ರ ಸದ್ದಿಲ್ಲದೆ ಫೋನಿನ ಮೇಲೆ ಬಗ್ಗಿದ. ಮರುದಿನ ಅವನ ಮೈದಾನ. ಅವನು ಎಡಗೈಯವರನ್ನೆಲ್ಲ ಹೊರಗೆ ಕೂರಿಸಿ, ಬಲಗೈಯವರನ್ನು ಇಳಿಸಿದ್ದ. ನಮ್ಮ ಎಸೆತಗಾರರನ್ನು ಅವರು ಅರಿವೆ ಒಗೆದಂತೆ ಒಗೆದರು.

"ಗುಟ್ಟು ತಿಳೀತಮ್ಮ," ಎಂದ ಮಾಸ್ಟರ್. "ಒಂದೇ ಮದ್ದು ಎಷ್ಟು ಸಲ ಕುಡಿಸ್ತೀಯಾ?"

ಎಡಚಕ್ಕ ಫೋನು ಮಗುಚಿಟ್ಟಳು. ಅವಳ ಮುಖ ಬಾಡಿತ್ತು. ಇನ್ನು ಉಳಿದದ್ದು ಒಂದೇ ಪಂದ್ಯ, ಮೇಜು ಅಥವಾ ಸ್ಟೂಲು. ಸಂಜೆಯವರೆಗೂ ಅವಳು ಒಂದು ಕೋಟಿನ ಮೇಲೆ ಬಗ್ಗಿ ಕೂತಿದ್ದಳು. ಗಟ್ಟಿ ಹೊಲಿಗೆ ಬೀಳುವ ಮುನ್ನ ಬಟ್ಟೆ ಜಾರದಿರಲೆಂದು ಬಿಳಿ ದಾರದಲ್ಲಿ ಸಡಿಲವಾಗಿ ಹಾಕುವ ಕಚ್ಚಾ ಹೊಲಿಗೆಯನ್ನು ಕೀಳುತ್ತಿದ್ದಳು. ಕೀಳುತ್ತಿದ್ದವಳ ಕೈ ಥಟ್ಟನೆ ನಿಂತಿತು. ಎಳೆದ ದಾರವನ್ನೇ ನೋಡಿದಳು. ಆಮೇಲೆ ಫೋನು ತೆಗೆದುಕೊಂಡಳು.

ಮೊದಲು ಎಸೆಯುವವನು ಯಾರೆಂಬುದನ್ನು ಪಂದ್ಯಕ್ಕೆ ಮುಂಚೆಯೇ ಸಾರಬೇಕು. ಅದನ್ನು ಎರಡೂ ಕಡೆಯವರು ನೋಡಬಹುದು. ಮರುದಿನ ಎಡಚಕ್ಕ ಸಾರಿದ ಹೆಸರು ನೋಡಿ ಮಾಸ್ಟರ್ ತೊಡೆ ತಟ್ಟಿದ. ಬಲಗೈಯವನು! "ಕೊನೆಗೂ ಸರಿದಾರಿಗೆ ಬಂದೆ ನೋಡು," ಎಂದು ತನ್ನ ಎಡಗೈ ಶೂರರನ್ನೆಲ್ಲ ಮತ್ತೆ ಇಳಿಸಿದ.

ನಮ್ಮ ಮೈದಾನ. ವರದಿ ಶುರುವಾಯಿತು. ಮೊದಲನೆಯವನು ಹೊಡೆದ. ಎರಡನೆಯವನೂ ಹೊಡೆದ. ಸಿಡಿಲಿಗೆ ಒಂದು ಓಟ. ಮಾಸ್ಟರ್ ಮೇಜು ಗುದ್ದಿದ. ಮುಂದಿನ ಸಾಲು ಬಂತು: ಎಡಬಿಡಂಗಿಗಳು ಎಸೆತಗಾರನನ್ನು ಬದಲಿಸಿದ್ದಾರೆ. ಬಂದವನು ಎಡಗೈಯವನು.

"ಇಷ್ಟು ಬೇಗನಾ? ಏನಾಯ್ತೇ ನಿನ್ನೋನಿಗೆ, ಗಾಯವಾ?"

"ಗಾಯ ಇಲ್ಲ ಅಣ್ಣ. ಅವನು ಕಚ್ಚಾ ಹೊಲಿಗೆ. ಕೀಳೋಕೇ ಹಾಕಿದ್ದು."

ಮಾಸ್ಟರನ ಕೈಯಲ್ಲಿದ್ದ ಚಹಾ ಅಲ್ಲೇ ನಿಂತಿತು. ಹೇಳಿಟ್ಟದ್ದನ್ನು ಈಗ ತಿದ್ದುವಂತಿಲ್ಲ. ಅವನ ಶೂರರೆಲ್ಲ ಮೈದಾನದಲ್ಲಿ, ಎದುರಿಗೆ ಹಿಂದಿನ ವಾರವಿಡೀ ಮಲಗೆದ್ದ ಎಡಗೈಗಳು. ಒಬ್ಬ ದಣಿದರೆ ಇನ್ನೊಬ್ಬ. ಅತ್ತ ನಮ್ಮವರು ಮೆಲ್ಲಗೆ ತಟ್ಟಿ, ಕದ್ದು ಓಡಿ, ಬಿದ್ದು ಎದ್ದು ಎರಡು ಓಟ ಕೂಡಿಸಿದರು. ಒಂಬತ್ತನೆಯ, ಕೊನೆಯ ಸುತ್ತು. ನಮಗೆ ಎರಡು, ಸಿಡಿಲಿಗೆ ಒಂದು. ಸಿಡಿಲಿನವನೊಬ್ಬ ಮೂಲೆಯಲ್ಲಿ ಕಾದಿದ್ದಾನೆ, ಇನ್ನೊಬ್ಬ ಔಟಾದರೆ ನಾವು ಗೆದ್ದೆವು. ಹೊಡೆಯಲು ಬಂದವನು ಮಾಸ್ಟರನ ಕಣ್ಮಣಿ. ಗೋಡೆ ದಾಟಿಸಿದರೆ ಸಿಡಿಲಿಗೆ ಮೂರು, ಆಮೇಲೆ ನಮ್ಮವರ ಕೈಲಿ ಏನೂ ಆಗುವುದಿಲ್ಲ.

'ಬಲಕ್ಕೆ, ಎತ್ತರದ ಹೊಡೆತ...'

"ಹೋಯ್ತು!" ಮಾಸ್ಟರ್ ಎದ್ದೇ ಬಿಟ್ಟ. "ಗೋಡೆ ದಾಟ್ತು!"

"ಯಾವ ಗೋಡೆ ಅಣ್ಣ?" ಎಂದಳು ಎಡಚಕ್ಕ.

'...ಹಿಂದೆ ಹಿಂದೆ ಓಡಿ, ಗೋಡೆಗೆ ಬೆನ್ನು ತಾಗಿಸಿ ಹಿಡಿದ.'

ಆಮೇಲೆ ಯಾರು ಯಾರನ್ನು ತಬ್ಬಿದರೋ ಗೊತ್ತಿಲ್ಲ. ಕಾಜಾ ಅತ್ತೆ ಗುಂಡಿಗಳ ಡಬ್ಬಿಯನ್ನೇ ಎತ್ತಿ ತೂರಿದಳು. ಅವನ್ನು ಆರಿಸುವಷ್ಟರಲ್ಲಿ ಆ ಮಧ್ಯಾಹ್ನ ಮುಗಿದಿತ್ತು.

ಮಾಸ್ಟರ್ ತನ್ನ ಕತ್ತರಿಯನ್ನು ತಂದು ತಂಗಿಯ ಮುಂದಿಟ್ಟು, ಮತ್ತೆ ಹಿಂದಕ್ಕೆ ಎಳೆದುಕೊಂಡ. "ಇದು ನಿನಗಾಗಲ್ಲ."

"ಮಾತು ತಪ್ಪಿದ್ರೆ ನೋಡು!" ಕಾಜಾ ಅತ್ತೆ ಎದ್ದಳು.

"ಅಲ್ಲ ಅತ್ತೆ, ಇದು ಬಲಗೈ ಕತ್ತರಿ. ಅವಳು ಹಿಡಿದ್ರೆ ಅಲಗು ಗೆರೆ ಮುಚ್ಚುತ್ತೆ. ಬೇರೆ ತರಿಸಬೇಕು."

ಎಡಚಕ್ಕ ದಾರದ ಡ್ರಾಯರು ಎಳೆದು, ಕಾಗದದಲ್ಲಿ ಸುತ್ತಿದ್ದ ಹೊಸ ಎಡಗೈ ಕತ್ತರಿಯನ್ನು ತೆಗೆದಳು. "ಗೋಡೆ ಸರಿಸಿದ ದಿನವೇ ತರಿಸಿದ್ದೆ."

"ಸೋತಿದ್ರೆ ಏನು ಮಾಡ್ತಿದ್ದೆ?"

"ನಿನ್ನ ಮೀಸೆಗೆ ಆಗ್ತಿತ್ತು."

ಅವಳು ಕತ್ತರಿಸಿದ ಮೊದಲ ಕೋಟಿನ ಭುಜಕ್ಕೆ ಮಾಸ್ಟರ್ ಪಟ್ಟಿ ಹಿಡಿದು ಮೇಲೆ, ಕೆಳಗೆ, ಅಡ್ಡ ಅಳೆದ. ಏನೂ ಸಿಗದೆ, "ಚಾಕ್ ಗೆರೆ ಸ್ವಲ್ಪ ದಪ್ಪ," ಎಂದು ಹೋದ. ಆ ಸೀಸನ್ನಿನಲ್ಲೂ ಪಟ್ಟಿಯ ತುದಿಯಲ್ಲಿ ಸಿಡಿಲೇ ಇತ್ತು. ಎಡಬಿಡಂಗಿಗಳು ಕೊನೆಯಿಂದ ಎರಡನೆಯವರು.

ಈಗ ಎಡಚಕ್ಕ ಬಾಗಿಲ ಬಳಿಯ ಮೇಜಿನ ಎಡತುದಿಯಲ್ಲಿ ನಿಂತು ಕೋಟುಗಳನ್ನೂ ಶಾಲಾ ಸಮವಸ್ತ್ರಗಳನ್ನೂ ಕತ್ತರಿಸುತ್ತಾಳೆ. ಅಣ್ಣ ಬಲತುದಿಯಲ್ಲಿ ಕತ್ತರಿಸುತ್ತಾನೆ.